ತಾರಸಿ ಮೇಲೆ ಕೂತು ಕೋಟೆ ಹತ್ತಿದ ದಿನಗಳು

2020ರ ಮಾರ್ಚ್ 17, ಮಂಗಳವಾರ. ಎಂದಿನಂತೆ ಬೆಳಗ್ಗೆ ಕೋಟೆ ಬಾಗಿಲ ಹತ್ತಿರ ಹೋದೆ. ಟಿಕೆಟ್ ಕೌಂಟರ್ ಮುಚ್ಚಿತ್ತು. ಕೊರೊನಾ ಕಾರಣಕ್ಕೆ ದೇಶದ ಎಲ್ಲಾ ಸ್ಮಾರಕಗಳನ್ನೂ 31ನೇ ತಾರೀಖಿನವರೆಗೆ ಮುಚ್ಚಬೇಕು ಅಂತ ಪುರಾತತ್ವ ಇಲಾಖೆಯಿಂದ ಆದೇಶ ಬಂದಿದೆ ಅಂದರು ಕಾವಲಿನವರು. ಹದಿನೈದು ದಿನ ತಾನೇ, ಮೊಣಕಾಲಿಗೂ ಸ್ವಲ್ಪ ವಿಶ್ರಾಂತಿ ಸಿಗಲಿ ಅಂದುಕೊಂಡು ಮನೆಗೆ ವಾಪಸ್ ಬಂದೆ.

ನಾನು ಚಿತ್ರದುರ್ಗದ ಕೋಟೆಯಲ್ಲಿ ಗೈಡ್. ಆ ಹೊತ್ತಿಗೆ ಹತ್ತೊಂಬತ್ತು ವರ್ಷ ಆಗಿತ್ತು. ದಿನಕ್ಕೆ ಎರಡು ಸಲ, ಶಾಲಾ ಪ್ರವಾಸದ ದಿನಗಳಲ್ಲಿ ನಾಲ್ಕು ಸಲವೂ ಹತ್ತಿ ಇಳಿದಿದ್ದೇನೆ. ಮಾತೇ ನನ್ನ ಕೆಲಸ. ಅದಕ್ಕೇ ಮನೆಯಲ್ಲಿ ಕೂತ ಮೊದಲ ವಾರದಲ್ಲಿ ಕಾಲಿಗಿಂತ ಜಾಸ್ತಿ ಕಷ್ಟ ಆಗಿದ್ದು ಗಂಟಲಿಗೆ. ಹೇಳಲು ಏನೂ ಇಲ್ಲ, ಕೇಳಲು ಯಾರೂ ಇಲ್ಲ. "ಮನೇಲಿ ಐದೇ ಜನ ಇರೋದು, ನಲವತ್ತು ಮಕ್ಕಳಿಗೆ ಹೇಳೋ ಹಾಗೆ ಯಾಕೆ ಕೂಗ್ತೀರಾ" ಅಂತ ನನ್ನ ಹೆಂಡತಿ ಮೆಲ್ಲಗೆ ಕೇಳಿದಳು. ಅಲ್ಲಿಯವರೆಗೆ ನನ್ನ ದನಿ ಎಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ.

22ನೇ ತಾರೀಖು ಭಾನುವಾರ ಜನತಾ ಕರ್ಫ್ಯೂ. 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟೀವಿಯಲ್ಲಿ ಬಂದು ಇಡೀ ದೇಶ 21 ದಿನ ಮನೆಯಲ್ಲೇ ಇರಬೇಕು ಅಂದರು. ಮರುದಿನವೇ ಯುಗಾದಿ. ಹೋಳಿಗೆಗೆ ಬೇಳೆ ಇತ್ತು, ಬೆಲ್ಲ ಇತ್ತು. ಬೇವು ತರಲು ಹೊರಗೆ ಹೋಗೋದೋ ಬೇಡವೋ ಅಂತ ಅರ್ಧ ಗಂಟೆ ಯೋಚನೆ ಮಾಡಿದೆವು. ಬೇವಿನ ಮರ ಇರೋದು ನಮ್ಮ ಬೀದಿಯ ಕೊನೆಗೆ, ನೂರು ಹೆಜ್ಜೆ ದೂರ. ಆ ನೂರು ಹೆಜ್ಜೆಗೂ ಹೆದರಿಕೆ ಆಗಿತ್ತು.

ಹಬ್ಬದ ಮಾರನೇ ಸಂಜೆ ಚಂದ್ರನನ್ನು ನೋಡಲು ಎಲ್ಲರೂ ತಾರಸಿಗೆ ಹೋದೆವು. ನಮ್ಮ ಮನೆಯಿಂದ ಕೋಟೆ ಪಡುವಣಕ್ಕಿದೆ. ಗೆರೆಯಂಥ ಚಂದ್ರ ಸರಿಯಾಗಿ ಬೆಟ್ಟದ ಮೇಲೆಯೇ ಇದ್ದ. ನಾವು ಅವ್ವನ ಕಾಲಿಗೆ ಬಿದ್ದೆವು, ಮಗಳು ನಮ್ಮ ಕಾಲಿಗೆ ಬಿದ್ದಳು. ಎಲ್ಲರೂ ಕೆಳಗೆ ಹೋದ ಮೇಲೂ ನಾನು ಅಲ್ಲೇ ನಿಂತೆ. ಬೆಟ್ಟದ ಬಂಡೆ, ಒಂದು ಕಾವಲು ಬತೇರಿ, ಗೋಡೆಯ ಒಂದು ತುಂಡು ಕಾಣುತ್ತಿದ್ದವು. ಇಷ್ಟು ವರ್ಷದಲ್ಲಿ ಕೋಟೆಯನ್ನು ಹೊರಗೆ ನಿಂತು, ಸುಮ್ನೆ, ಯಾರಿಗೂ ಏನೂ ಹೇಳದೆ ನೋಡಿದ್ದು ನೆನಪಾಗಲಿಲ್ಲ.

ಮರುದಿನ ಬೆಳಗ್ಗೆಯೇ ಒಂದು ಅಭ್ಯಾಸ ಶುರು ಮಾಡಿದೆ. ಅದು ಹೇಗೆ ನಡೆಯಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲಸ ನಿಂತು ಮನೆಯಲ್ಲಿ ಕೂರಬೇಕಾಗಿ ಬಂದ ಬೇರೆ ಕಸುಬಿನವರಿಗೂ ಇದು ಉಪಯೋಗ ಆಗಬಹುದು.

ಆರು ಗಂಟೆಗೆ ತಾರಸಿಗೆ ಹೋಗಿ ಬೆಟ್ಟದ ಕಡೆ ಮುಖ ಮಾಡಿ ಕೂರುತ್ತಿದ್ದೆ. ಕಣ್ಣು ಮುಚ್ಚಿ ಕೋಟೆ ಹತ್ತುತ್ತಿದ್ದೆ. ಇಡೀ ಕೋಟೆ ಅಲ್ಲ, ದಿನಕ್ಕೆ ಒಂದೇ ತುಂಡು. ಮೊದಲ ದಿನ ಮೊದಲ ಬಾಗಿಲು ಮಾತ್ರ. ಅಲ್ಲಿ ಗೋಡೆಯ ಮೇಲೆ ಹಾವಿನ ಕೆತ್ತನೆ ಇದೆ. ಹಾವಿನ ಹಾಗೆಯೇ ದಾರಿ ಡೊಂಕಾಗಿ ತಿರುಗುತ್ತದೆ, ಆನೆ ಓಡಿ ಬಂದು ಬಾಗಿಲಿಗೆ ಗುದ್ದಲು ಜಾಗ ಸಿಗಬಾರದು ಅಂತ ಹಾಗೆ ಕಟ್ಟಿದ್ದಾರೆ ಅಂತ ನಾವು ಹೇಳುತ್ತೇವೆ. ಎರಡನೇ ದಿನ ಅಲ್ಲಿಂದ ಮುಂದಿನ ತಿರುವು. ಆಮೇಲೆ ಬನಶಂಕರಿ ಗುಡಿ, ಎಣ್ಣೆ ಕೊಳ, ಫಿರಂಗಿ ಮದ್ದು ಬೀಸುವ ಕಲ್ಲು. ಹೀಗೆ.

ಕೆಳಗೆ ಇಳಿದ ಮೇಲೆ ಮಗಳ ಹಳೇ ನೋಟ್‌ಬುಕ್‌ನ ಖಾಲಿ ಹಾಳೆಯಲ್ಲಿ ಅವತ್ತಿನ ತುಂಡನ್ನು ಬರೆಯುತ್ತಿದ್ದೆ. ಪ್ರತಿ ಸಾಲಿನ ಪಕ್ಕದಲ್ಲಿ ಒಂದು ಗುರುತು. ನನ್ನ ಕಣ್ಣಿಂದ ಕಂಡಿದ್ದಕ್ಕೆ 'ಕ'. ಹಿರಿಯ ಗೈಡ್‌ಗಳಿಂದ ಕೇಳಿದ್ದಕ್ಕೆ 'ಕೇ'. ಎಲ್ಲಿಂದ ಬಂತು ಅಂತ ಗೊತ್ತೇ ಇಲ್ಲದ ಮಾತಿಗೆ ಪ್ರಶ್ನೆ ಚಿಹ್ನೆ.

ಹತ್ತು ದಿನ ಆದ ಮೇಲೆ ಹಾಳೆ ತಿರುವಿ ನೋಡಿದೆ. 'ಕ' ಬಹಳ ಕಡಿಮೆ ಇತ್ತು. ಅವತ್ತು ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಮದ್ದು ಬೀಸುವ ಕಲ್ಲಿನ ಹತ್ತಿರ "ಇದನ್ನು ಆನೆಗಳಿಂದ ತಿರುಗಿಸುತ್ತಿದ್ದರು" ಅಂತ ನಾನು ಸಾವಿರಾರು ಜನರಿಗೆ ಹೇಳಿದ್ದೇನೆ. ಆನೆ ಅಲ್ಲ, ಕೋಣ ಅಂತ ಹೇಳುವ ಗೈಡ್‌ಗಳೂ ನಮ್ಮಲ್ಲಿದ್ದಾರೆ. ಎರಡೂ ಕೇಳಿದ ಮಾತೇ. ಕಲ್ಲು ಇರುವ ಆ ಕುಣಿಯ ಸುತ್ತ ಆನೆ ತಿರುಗುವಷ್ಟು ಜಾಗ ಇದೆಯಾ? ಅಷ್ಟು ವರ್ಷ ಅಲ್ಲೇ ನಿಂತಿದ್ದರೂ ಒಂದು ದಿನವೂ ಹೆಜ್ಜೆ ಹಾಕಿ ಅಳೆದು ನೋಡಿರಲಿಲ್ಲ. ಲೆಕ್ಕಗಳೂ ಹಾಗೇ. 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳ ದಾರಿ ಅಂತ ಒಂದೇ ಉಸಿರಿಗೆ ಹೇಳುತ್ತೇನೆ. ಜನರಿಗೆ ಲೆಕ್ಕ ಅಂದರೆ ಇಷ್ಟ, ಹೇಳಿದ ಕೂಡಲೇ ಮಕ್ಕಳು ಬರೆದುಕೊಳ್ಳುತ್ತವೆ. ಆದರೆ ನನ್ನ ಕೈಯಿಂದ ಮುಟ್ಟಿದ ದಿಡ್ಡಿ ಬಾಗಿಲು ಎಷ್ಟು ಅಂತ ಬೆರಳು ಮಡಚಿದರೆ ಹದಿನೈದು ದಾಟಲಿಲ್ಲ. ಮಕ್ಕಳ ಪುಸ್ತಕದಲ್ಲಿ ಉಳಿಯುವ ಮಾತನ್ನು ಹೀಗೆ ಹೇಳಬಾರದಿತ್ತು ಅಂತ ನಿಜವಾಗಿ ನೋವಾಯಿತು.

ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೀಪ ಹಚ್ಚಲು ಹೇಳಿದ್ದರು. ಕೆಳಗೆ ಊರೆಲ್ಲಾ ಹಣತೆ, ಮೇಲೆ ಬೆಟ್ಟ ಪೂರ್ತಿ ಕತ್ತಲು. ಕಾವಲಿನವರು ಫೋನ್ ಮಾಡಿದಾಗ, ಪ್ರವಾಸಿಗರು ಕೊಡುವ ತಿಂಡಿ ಇಲ್ಲದೆ ಕೋತಿಗಳು ಸೊರಗಿವೆ, ಮಂಡಕ್ಕಿ ಹಾಕುತ್ತಿದ್ದೇವೆ ಅಂದರು. ಆ ಮಾತಿಗೆ ಬಹಳ ಸಂಕಟ ಆಯಿತು.

ದುಡ್ಡಿನ ವಿಷಯ ಹೆಚ್ಚು ಹೇಳುವುದಿಲ್ಲ. ಫೆಬ್ರವರಿ ಪ್ರವಾಸಗಳ ಬಾಕಿ ಒಬ್ಬ ಏಜೆಂಟರಿಂದ ಬರಬೇಕಿತ್ತು, ಬರಲಿಲ್ಲ. ಎರಡು ತಿಂಗಳ ರೇಷನ್ ಒಟ್ಟಿಗೆ ಸಿಕ್ಕಿತು. ಹೆಂಡತಿಯ ಜನಧನ ಖಾತೆಗೆ ಮೂರು ತಿಂಗಳು, ತಿಂಗಳಿಗೆ 500 ರೂಪಾಯಿ ಬಂತು. ರಾಗಿ ಮಾವನ ಮನೆಯಿಂದ ಬಂದಿದ್ದು ಒಂದು ಚೀಲ ಇತ್ತು. ಅದರಲ್ಲೇ ನಡೆಯಿತು.

ಆದರೆ ನಡೆಸಿದ್ದು ಯಾರು ಅಂತ ಹೇಳಲೇಬೇಕು. ನನ್ನ ಹೆಂಡತಿ ದಿನಾ ಬೆಳಗ್ಗೆ ರಾಗಿ ಹಿಟ್ಟಿನ ಡಬ್ಬಿ ತೆಗೆದು ಒಳಗೆ ಒಮ್ಮೆ ನೋಡುತ್ತಿದ್ದಳು. ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಮುದ್ದೆ ಒಂದು ಗಾತ್ರ ಇಳಿಯುತ್ತಿತ್ತು, ಸಾರು ಸ್ವಲ್ಪ ಹೆಚ್ಚುತ್ತಿತ್ತು. ನಮ್ಮ ಕಡೆ ನಲ್ಲಿ ನೀರು ದಿನಾ ಬರುವುದಿಲ್ಲ. ಬರುವ ದಿನ ಅವಳು ಬೆಳಕು ಹರಿಯುವ ಮುಂಚೆಯೇ ಎದ್ದು ಡ್ರಮ್, ಬಿಂದಿಗೆ, ಕೊನೆಗೆ ಸಾರಿನ ಪಾತ್ರೆಯನ್ನೂ ತುಂಬಿಸಿ ಇಡುತ್ತಿದ್ದಳು. ಆ ಹೊತ್ತಿಗೆ ನಾನು ಯಾವಾಗಲೂ ಕೋಟೆಗೆ ಹೊರಡುವ ಗಡಿಬಿಡಿಯಲ್ಲಿ ಇರುತ್ತಿದ್ದೆ. ಮದುವೆಯಾಗಿ ಹದಿನೇಳು ವರ್ಷದ ಮೇಲೆ ಆ ಬಿಂದಿಗೆಯ ಇನ್ನೊಂದು ಕಡೆ ಕೈ ಹಾಕಿದೆ.

ಬಿಂದಿಗೆ ಇಳಿಸುವಾಗ ಒಂದು ವಿಷಯ ಹೊಳೆಯಿತು. ನಮ್ಮ ಮನೆಯ ಬಾಗಿಲು ಮುಚ್ಚಿ ಇನ್ನೂ ಒಂದು ತಿಂಗಳು. ಹೈದರಾಲಿ ಸೈನ್ಯ ಕೋಟೆ ಸುತ್ತ ಕೂತಾಗ ಮೇಲಿದ್ದವರು ತಿಂಗಳುಗಟ್ಟಲೆ ಹೀಗೇ ಬಾಗಿಲು ಹಾಕಿಕೊಂಡು ಇದ್ದರು ಅಲ್ವಾ? ನಾನು ಹೇಳುತ್ತಿದ್ದ ಕಥೆಯಲ್ಲಿ ದುರ್ಗ ಆಳಿದ ಮತ್ತಿ ತಿಮ್ಮಣ್ಣ ನಾಯಕರು ಇದ್ದರು, ಮದಕರಿ ನಾಯಕರು ಇದ್ದರು, 1779ರಲ್ಲಿ ಕೋಟೆ ಬಿದ್ದಿದ್ದು ಇತ್ತು. ಕತ್ತಿ, ಫಿರಂಗಿ, ಮದ್ದು ಎಲ್ಲಾ ಇತ್ತು. ಮುದ್ದೆಯ ಗಾತ್ರ ಇಳಿಸಿದವರು ಇರಲಿಲ್ಲ. ಎಣ್ಣೆ ಕೊಳ ತೋರಿಸಿ "ಇಲ್ಲಿ ಎಣ್ಣೆ ತುಂಬಿಡುತ್ತಿದ್ದರು" ಅಂತ ಹೇಳಿ ಮುಂದೆ ನಡೆಯುತ್ತಿದ್ದೆ. ಆ ಎಣ್ಣೆಯನ್ನು ಅಳೆದು ಕೊಟ್ಟವರು ಯಾರು, ಎಷ್ಟು ದಿನಕ್ಕೆ ಎಷ್ಟು ಅಂತ ಲೆಕ್ಕ ಹಾಕಿದವರು ಯಾರು ಅಂತ ನಾನೂ ಯೋಚಿಸಲಿಲ್ಲ, ಯಾರೂ ಕೇಳಲೂ ಇಲ್ಲ.

ಅಲ್ಲಿಂದ ತಾರಸಿಯ ನಡಿಗೆಯನ್ನು ಬದಲಾಯಿಸಿದೆ. ಮತ್ತೆ ಮೊದಲ ಬಾಗಿಲಿನಿಂದ ಶುರು. ಈ ಸಲ ನೀರನ್ನು ಮಾತ್ರ ಹಿಡಿದು ಹೋಗೋದು. ಕೋಟೆಯಲ್ಲಿ ನದಿ ಇಲ್ಲ, ಬಾವಿ ನಂಬಿಕೊಂಡವರೂ ಅಲ್ಲ. ಬಂಡೆ ಮೇಲೆ ಬಿದ್ದ ಮಳೆಯೇ ನೀರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಆಮೇಲೆ ಊರೊಳಗಿನ ಸಂತೆ ಹೊಂಡಕ್ಕೆ. ಇಷ್ಟನ್ನು ಎಲ್ಲರಿಗೂ ಹೇಳುತ್ತಿದ್ದೆ. ಆದರೆ ಬಂಡೆ ಮೇಲಿನ ನೀರು ಗೋಪಾಲಸ್ವಾಮಿ ಹೊಂಡಕ್ಕೆ ಯಾವ ದಾರಿಯಲ್ಲಿ ಇಳಿಯುತ್ತದೆ? ಕಣ್ಣು ಮುಚ್ಚಿ ಎಷ್ಟು ಸಲ ಹತ್ತಿದರೂ ಆ ಜಾಗ ಬರುವಾಗ ಮನಸ್ಸಿನಲ್ಲಿ ಏನೂ ಕಾಣುತ್ತಿರಲಿಲ್ಲ. ಅಲ್ಲಿ ನಾನು ಯಾವಾಗಲೂ ಹಿಂದಕ್ಕೆ ತಿರುಗಿ, ಹಿಂದೆ ಉಳಿದವರನ್ನು "ಬನ್ನಿ ಬನ್ನಿ" ಅಂತ ಕರೆಯುತ್ತಿದ್ದೆ. ನೋಟ್‌ಬುಕ್‌ನಲ್ಲಿ ಆ ಪುಟದಲ್ಲಿ ದೊಡ್ಡದಾಗಿ ಪ್ರಶ್ನೆ ಚಿಹ್ನೆ ಹಾಕಿದೆ.

ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಗಿತ್ತು. ಓದಿದ್ದನ್ನೇ ಓದಿ ಅವಳಿಗೂ ಸಾಕಾಗಿತ್ತು. ನಮ್ಮ ಜಿಲ್ಲೆ ಸೋಂಕು ಇಲ್ಲದ ಹಸಿರು ವಲಯ ಅಂತ ಮೇ ಮೊದಲ ವಾರದಲ್ಲಿ ಸ್ವಲ್ಪ ಸಡಿಲ ಆಯಿತು. ಆದರೂ ನಾವು ಹೆಚ್ಚು ಹೊರಗೆ ಹೋಗಲಿಲ್ಲ, ಅವ್ವನಿಗೆ ಸಕ್ಕರೆ ಕಾಯಿಲೆ. ಸಂಜೆ ಮಗಳನ್ನು ಕೂರಿಸಿಕೊಂಡು ನೋಟ್‌ಬುಕ್ ಓದಿ ಹೇಳುತ್ತಿದ್ದೆ. ದುರ್ಗದಲ್ಲೇ ಹುಟ್ಟಿದರೂ ಅವಳು ನನ್ನ ಬಾಯಿಂದ ಪೂರ್ತಿ ಕೋಟೆ ಕೇಳಿದ್ದು ಅದೇ ಮೊದಲು.

ಓಬವ್ವನ ಕಿಂಡಿ ಬಂದ ದಿನ ನೆನಪಿದೆ. ಕಾವಲಿನ ಗಂಡ ಊಟಕ್ಕೆ ಬಂದಿದ್ದ, ಓಬವ್ವ ನೀರು ತರಲು ತಣ್ಣೀರು ದೋಣಿ ಅನ್ನೋ ನೀರಿನ ತಾಣಕ್ಕೆ ಹೋದಳು, ಕಿಂಡಿಯಲ್ಲಿ ಸದ್ದು ಕೇಳಿತು, ಒನಕೆ ಹಿಡಿದಳು. ನನ್ನ ಪ್ರವಾಸದಲ್ಲಿ ಇದು ನಾಲ್ಕು ನಿಮಿಷ. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಮಗಳು ಚಪ್ಪಾಳೆ ತಟ್ಟಲಿಲ್ಲ. "ಅಪ್ಪ, ಗಂಡನ್ನ ಯಾಕೆ ಕರೀಲಿಲ್ಲ ಅವಳು?" ಅಂದಳು.

"ಊಟಕ್ಕೆ ಕೂತವನನ್ನ ಎಬ್ಬಿಸಬಾರದು ಅಂತ ಕಣಮ್ಮ. ಹಾಗಂತ ಹೇಳ್ತಾರೆ."

"ಮತ್ತೆ ಅವಳು ಉಂಡಿದ್ಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದ ಅವ್ವ ಹೇಳಿದಳು, "ಬಡಿಸೋಕೆ ನೀರು ತರೋಕೆ ಹೋಗಿದ್ದೋಳು ಎಲ್ಲಿ ಉಂಡಿರ್ತಾಳೆ." ಅವತ್ತಿನ ಪುಟದಲ್ಲಿ ಅವ್ವನ ಮಾತನ್ನು ಹಾಗೇ ಬರೆದೆ. ಪಕ್ಕದಲ್ಲಿ 'ಕೇ' ಅಂತ ಹಾಕಿದೆ. ನೀರಿಗೆ ಹೋಗಿದ್ದಕ್ಕೇ ಅವಳು ಕಿಂಡಿಯ ಸದ್ದು ಕೇಳಿದ್ದು. ಆ ದಿನ ಕೋಟೆ ಉಳಿದಿದ್ದು ಮನೆಗೆಲಸಕ್ಕೆ ಎದ್ದ ಒಬ್ಬ ಹೆಣ್ಣುಮಗಳಿಂದ. ಈ ಮಾತನ್ನು ಈಗ ನಾನು ತಪ್ಪದೆ ಹೇಳುತ್ತೇನೆ.

ಜೂನ್‌ನಲ್ಲಿ ಚಳ್ಳಕೆರೆ ಕಡೆ ಮಾವನ ಹೊಲಕ್ಕೆ ಶೇಂಗಾ ಬಿತ್ತನೆಗೆ ಹೋಗಿ ಬಂದೆ. ಮಗಳ ಪರೀಕ್ಷೆ ಜೂನ್ 25ಕ್ಕೆ ಶುರುವಾಗಿ ಜುಲೈ ಮೊದಲ ವಾರದಲ್ಲಿ ಮುಗಿಯಿತು. ಮಾಸ್ಕ್ ಹಾಕಿಕೊಂಡು ಬರೆದು ಬಂದಳು. ಜುಲೈ 6ರಿಂದ ಸ್ಮಾರಕಗಳನ್ನು ತೆರೆಯಬಹುದು ಅಂತ ದಿಲ್ಲಿಯಿಂದ ಆದೇಶ ಬಂದ ಸುದ್ದಿ ಕೇಳಿ, ನೋಟ್‌ಬುಕ್‌ಗೆ ಹೊಸ ರಟ್ಟು ಹಾಕಿದೆ.

ಮತ್ತೆ ಕೋಟೆಯೊಳಗೆ ಕಾಲಿಟ್ಟ ದಿನ ನನ್ನ ಜೊತೆ ಇದ್ದಿದ್ದು ಹೊಸದಾಗಿ ಮದುವೆಯಾದ ಒಂದು ಜೋಡಿ, ದಾವಣಗೆರೆಯವರು. ಅವರು ಬರೀ ಫೋಟೋಕ್ಕೆ ಬಂದಿದ್ದರು, ನಾನು ಒತ್ತಾಯ ಮಾಡಲಿಲ್ಲ. ಮದ್ದು ಬೀಸುವ ಕಲ್ಲಿನ ಹತ್ತಿರ ಅವರು ಫೋಟೋ ತೆಗೆದುಕೊಳ್ಳುವಾಗ ಹೆಜ್ಜೆ ಹಾಕಿ ಕುಣಿಯ ಸುತ್ತ ಅಳೆದೆ. ಆನೆಯೋ ಕೋಣವೋ ಅಂತ ಅಷ್ಟರಿಂದ ತೀರ್ಮಾನ ಆಗಲಿಲ್ಲ. ಹಾಗಾಗಿ "ಆನೆ ಅಂತಲೂ ಹೇಳ್ತಾರೆ, ಕೋಣ ಅಂತಲೂ ಹೇಳ್ತಾರೆ" ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ.

ಮೇಲೆ ಹೋಗುವಷ್ಟರಲ್ಲಿ ಸಣ್ಣಗೆ ಮಳೆ ಹನಿಯಿತು. ಜೋಡಿ ಗುಡಿಯ ಜಗಲಿಗೆ ಓಡಿದರು. ನಾನು ಗೋಪಾಲಸ್ವಾಮಿ ಹೊಂಡಕ್ಕೆ ಹೋಗುವ ದಾರಿಯಲ್ಲಿ, ಯಾವಾಗಲೂ ಹಿಂದಕ್ಕೆ ತಿರುಗುತ್ತಿದ್ದ ಆ ಜಾಗದಲ್ಲಿ, ತಿರುಗದೆ ನಿಂತೆ. ಬಲಗಡೆ ಬಂಡೆ ಒದ್ದೆಯಾಗಿ ಕಪ್ಪಾಗಿತ್ತು. ಅದರ ಮೇಲೆ ಒಂದು ಗೆರೆ ಮಾತ್ರ ಹೊಳೆಯುತ್ತಿತ್ತು. ಹತ್ತಿರ ಹೋಗಿ ಕೂತೆ. ಉಳಿಯಿಂದ ಕೊರೆದ ಕಾಲುವೆ. ಒಳಗೆ ಹುಲ್ಲು, ಮಣ್ಣು ತುಂಬಿತ್ತು, ಆದರೂ ಬೆರಳು ದಪ್ಪ ನೀರು ಮಣ್ಣನ್ನು ಸುತ್ತಿಕೊಂಡು ಕೆಳಗೆ ಹರಿಯುತ್ತಿತ್ತು. ಮಣ್ಣನ್ನು ಕೈಯಲ್ಲಿ ಸ್ವಲ್ಪ ಸರಿಸಿದೆ, ನೀರು ನೇರ ಆಯಿತು.

"ಏನ್ ನೋಡ್ತಿದೀರಾ ಸರ್?" ಅಂತ ಆ ಹುಡುಗಿ ಜಗಲಿಯಿಂದ ಕೂಗಿ ಕೇಳಿದಳು.

"ಬನ್ನಿ ಇಲ್ಲಿ, ಮಳೆ ನಿಂತ ಮೇಲೆ ಕಾಣಲ್ಲ" ಅಂದೆ.

ಇಬ್ಬರೂ ಬಂದರು. ದುಪಟ್ಟಾ ತಲೆ ಮೇಲೆ ಹಾಕಿಕೊಂಡು ನನ್ನ ಪಕ್ಕ ಕೂತರು. ಒಂದು ಎಲೆ ಕಿತ್ತು ನೀರಿಗೆ ಬಿಟ್ಟೆವು, ಅದು ಹೊಂಡದ ಕಡೆಗೆ ಹೋಯಿತು. ರಾತ್ರಿ ಮನೆಗೆ ಬಂದು ಆ ಪುಟ ತೆಗೆದು ಪ್ರಶ್ನೆ ಚಿಹ್ನೆ ಹೊಡೆದು ಹಾಕಿದೆ. 'ಕಲ್ಲಿನಲ್ಲಿ ಕೊರೆದ ಕಾಲುವೆ, ಒಂದು ಗೇಣು ಅಗಲ, ಬಲಗಡೆ' ಅಂತ ಬರೆದು ಪಕ್ಕದಲ್ಲಿ 'ಕ' ಅಂತ ಹಾಕಿದೆ.