ಸುಣ್ಣಕಲ್ಲಿನ ಕಮರಿಯಲ್ಲಿ ನೀರಿನ ಜಾಡು ಹಿಡಿದು

ಸುಣ್ಣಕಲ್ಲಿನ ಕಮರಿ ನೋಡಲು ಹೋದಾಗ ನಾನು ಮೊದಲು ನದಿಗೆ ಇಳಿಯುವುದಿಲ್ಲ, ಮೇಲಿನ ಬಯಲು ಸುತ್ತುತ್ತೇನೆ. ಮಳೆ ಬಿದ್ದರೂ ಹಳ್ಳ ಹರಿಯದ ಒಣ ಕಣಿವೆ, ಬಟ್ಟಲಿನಂಥ ಕುಸಿಗುಳಿ, ಹರಿಯುತ್ತಿದ್ದ ತೊರೆ ಥಟ್ಟನೆ ಬಂಡೆಯೊಳಗೆ ಇಂಗಿಹೋಗುವ ಜಾಗ: ಇವಿದ್ದರೆ ಕೆಳಗೆ ಗವಿಯೋ ಒರತೆಯೋ ಇರುವ ಸಂಭವ ಹೆಚ್ಚು. ಅವನ್ನು ನಕ್ಷೆಯಲ್ಲಿ ಗುರುತು ಹಾಕಿಕೊಂಡು ಇಳಿಯುತ್ತೇನೆ. ಕಾಗದದ ನಕ್ಷೆಯೇ ಆಗಬೇಕು; ಇಕ್ಕಟ್ಟಾದ ಗೋಡೆಗಳ ನಡುವೆ ಜಿಪಿಎಸ್ ತಪ್ಪು ಜಾಗ ತೋರಿಸುತ್ತದೆ.

ಎತ್ತರದ ಗೋಡೆ ಕಂಡ ಮಾತ್ರಕ್ಕೆ ಅದು ಸುಣ್ಣಕಲ್ಲಾಗುವುದಿಲ್ಲ. ಆಂಧ್ರದ ಗಂಡಿಕೋಟೆಯ ಕಮರಿಯಲ್ಲಿ ಉತ್ತರ ಪಿನಾಕಿನಿ ನದಿ ಕೊರೆದಿರುವುದು ಕ್ವಾರ್ಟ್ಜೈಟ್ ಎಂಬ ಗಡುಸು ಕಲ್ಲನ್ನು. ಅದೇ ಆಂಧ್ರದ ಬೇಲಂ ಗುಹೆಗಳು ಮಾತ್ರ ಅಪ್ಪಟ ಸುಣ್ಣಕಲ್ಲಿನವು. ಉದುರಿಬಿದ್ದ ಚೂರಿನ ಮೇಲೆ ಚಾಕುವಿನ ತುದಿ ಎಳೆದು ನೋಡಿ. ಸುಣ್ಣಕಲ್ಲು ಸುಲಭವಾಗಿ ಗೀರಾಗುತ್ತದೆ, ಕ್ವಾರ್ಟ್ಜೈಟಿನ ಮೇಲೆ ಲೋಹದ ಗೆರೆಯಷ್ಟೇ ಉಳಿಯುತ್ತದೆ.

ಗವಿ ಹೊಗುವ ಮುನ್ನ ತಲಾ ಮೂರು ದೀಪ: ಹೆಲ್ಮೆಟ್ಟಿಗೆ ಒಂದು, ಚೀಲದಲ್ಲಿ ಎರಡು. ಮೊಬೈಲಿನ ಬೆಳಕು ಈ ಲೆಕ್ಕಕ್ಕಿಲ್ಲ. ಒಳಗಿನ ತಾಪಮಾನ ಆ ಊರಿನ ವರ್ಷದ ಸರಾಸರಿಗೆ ಹತ್ತಿರವಿರುತ್ತದೆ, ಹಾಗಾಗಿ ತಂಪು ಸೀಮೆಯ ಗವಿಗಾದರೆ ಬೇಸಿಗೆಯಲ್ಲೂ ಮೈಗೆ ಇನ್ನೊಂದು ಪದರ ಬೇಕು. ಎಲ್ಲರೂ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೋಲುಗಳಾದ ಸ್ಟ್ಯಾಲಕ್ಟೈಟ್‌ಗಳನ್ನು ನೋಡುತ್ತಾರೆ. ನನಗೆ ಗೋಡೆಯ ಮೇಲಿನ ಚಿಪ್ಪಿನಾಕಾರದ ತಗ್ಗುಗಳೇ ಹೆಚ್ಚು ಇಷ್ಟ. ಅವು ಹಿಂದೆ ಹರಿದ ನೀರಿನ ದಾಖಲೆ. ಪ್ರತಿ ತಗ್ಗಿನ ಕಡಿದಾದ ಬದಿ ನೀರು ಬಂದ ದಿಕ್ಕಿಗಿರುತ್ತದೆ. ತಗ್ಗು ಸಣ್ಣದಾದಷ್ಟೂ ಹರಿವು ರಭಸವಾಗಿತ್ತು ಎಂದರ್ಥ. ಗವಿ ಒಣಗಿ ಎಷ್ಟು ಕಾಲವಾಗಿದ್ದರೂ ಇಷ್ಟನ್ನು ಓದಿ ಹೇಳಬಹುದು.

ಸ್ಟ್ಯಾಲಕ್ಟೈಟ್ ಮುಟ್ಟಬೇಡಿ. ಅದು ವರ್ಷಕ್ಕೆ ಸುಮಾರು 0.1 ಮಿ.ಮೀ. ಬೆಳೆಯುವಂಥದು, ಕೈಯ ಜಿಡ್ಡು ತಾಗಿದರೆ ಹೊಸ ಕ್ಯಾಲ್ಸೈಟ್, ಅಂದರೆ ಸುಣ್ಣದ ಖನಿಜ, ಸರಿಯಾಗಿ ಕೂರುವುದಿಲ್ಲ. ಬಾವಲಿಗಳು ಮಲಗಿದ್ದ ಕಡೆಯಿಂದ ಸದ್ದಿಲ್ಲದೆ ಹಿಂದಕ್ಕೆ ಬನ್ನಿ. ಬೂಟಿಗಂಟಿದ ಒಂದು ಗವಿಯ ಕೆಸರನ್ನು ಇನ್ನೊಂದಕ್ಕೆ ಒಯ್ಯುವುದೂ ಬೇಡ, ಬಾವಲಿಗಳನ್ನು ಕೊಲ್ಲುವ ಶಿಲೀಂಧ್ರ ಹಾಗೆಯೇ ಹರಡಬಲ್ಲದು. ತಗ್ಗಿನ ಕೋಣೆಯಲ್ಲಿ ಸುಮ್ಮನೆ ನಿಂತಿದ್ದಾಗಲೂ ಏದುಸಿರು ಬಂದರೆ, ತಲೆ ನೋಯತೊಡಗಿದರೆ, ಅಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರಬಹುದು. ಕಾರಣ ಹುಡುಕುತ್ತ ನಿಲ್ಲದೆ ಕೂಡಲೇ ಹೊರಡಬೇಕು.

ಕಮರಿಯ ಬುಡದಲ್ಲಿ ಉಕ್ಕುವ ಒರತೆಯ ವಿಷಯಕ್ಕೆ ಬಂದರೆ ಜನ ಮೋಸಹೋಗುವುದೇ ಇಲ್ಲಿ. ನೀರು ಗಾಜಿನಂತೆ ತಿಳಿ, ತಣ್ಣಗೆ. ಆದರೆ ಅದು ಮರಳಿನಲ್ಲಿ ಸೋಸಿ ಬಂದದ್ದಲ್ಲ, ಕೊಳವೆಯಂಥ ಬಿರುಕುಗಳಲ್ಲಿ ಹರಿದು ಬಂದದ್ದು. ಮೇಲಿನ ಕುಸಿಗುಳಿಗೆ ಬಿದ್ದ ಕೊಳೆ ಕೆಲವೇ ಗಂಟೆಗಳಲ್ಲಿ ಇಲ್ಲಿಗೆ ತಲುಪಬಹುದು. ಕುದಿಸದೆ ನಾನು ಕುಡಿಯುವುದಿಲ್ಲ. ಅದೇ ನೀರು ಜಲಪಾತದಲ್ಲಿ ಸಿಡಿದು ತನ್ನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡಾಗ ಪಾಚಿ, ಎಲೆಗಳ ಮೇಲೆ ಸುಣ್ಣ ಕಟ್ಟಿ ಟೂಫಾ ಎಂಬ ಕಲ್ಲಾಗುತ್ತದೆ. ಕ್ರೊಯೇಷಿಯಾದ ಪ್ಲಿಟ್ವಿಟ್ಸೆಯ ಕೆರೆಗಳನ್ನು ತಡೆದು ನಿಲ್ಲಿಸಿರುವುದು ಇಂಥ ಅಡ್ಡಗಟ್ಟೆಗಳೇ. ಟೂಫಾ ಮೇಲೆ ಕಾಲಿಟ್ಟರೆ ಪುಡಿಯಾಗುತ್ತದೆ, ಪಕ್ಕದಿಂದ ನೋಡಿ.

ನದಿಪಾತ್ರಕ್ಕೆ ಕೊನೆಗೆ, ನಡುಹಗಲಿನಲ್ಲಿ ಇಳಿಯುತ್ತೇನೆ. ಬಿಸಿಲು ತಳ ಮುಟ್ಟುವುದು ಆಗಲೇ. ಇಳಿದ ಕೂಡಲೇ ತಲೆಯೆತ್ತಿ, ಬಿರುಕುಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ ಎಷ್ಟು ಎತ್ತರದಲ್ಲಿದೆ ನೋಡಬೇಕು. ಪ್ರವಾಹ ಅಲ್ಲಿಯವರೆಗೂ ಬಂದಿತ್ತು. ನೆತ್ತಿಯ ಮೇಲಿನ ಆಕಾಶ ತಿಳಿಯಾಗಿರುವುದು ಲೆಕ್ಕಕ್ಕಲ್ಲ, ಮೇಲ್ಹರಿವಿನಲ್ಲಿ ಮಳೆಯಾಯಿತೇ ಎಂಬುದು ಮುಖ್ಯ. ನೀರು ಕದಡಿದರೆ, ಎಲೆ ಕಡ್ಡಿ ತೇಲಿಬರತೊಡಗಿದರೆ, ದೂರದಲ್ಲಿ ಮೊರೆತ ಕೇಳಿದರೆ ಸಾಮಾನು ಬಿಟ್ಟಾದರೂ ಮೇಲಕ್ಕೆ ಹತ್ತಬೇಕು. ಮಳೆ ನಿಂತಿತೆಂದು ಮರಳಿ ಇಳಿಯುವುದೂ ತಪ್ಪು: ಬಂಡೆಯೊಳಗಿನ ನೀರು ತಡವಾಗಿ ಹೊರಬಂದು, ಒರತೆಗಳು ಮರುದಿನವೂ ಏರುತ್ತಿರಬಹುದು.