ಮಲ್ಲೇಶ್ವರದ ಟೆರೇಸ್‌ನಲ್ಲಿ ಮೀಟಿಯರ್ ಸಿಕ್ಕಿತು: ಮೊದಲು ಫಿಲ್ಟರ್, ಆಮೇಲೆ ಆಂಪ್ಲಿಫೈಯರ್

ಬೆಂಗಳೂರಿನ ಮಧ್ಯೆ ಕೂತು ಎಲ್‌ಆರ್‌ಪಿಟಿ, ಅಂದರೆ ಹವಾಮಾನ ಉಪಗ್ರಹ ರೇಡಿಯೊದಲ್ಲಿ ಕಳಿಸುವ ಡಿಜಿಟಲ್ ಚಿತ್ರ, ಹಿಡಿಯುವುದು ಆಗದ ಕೆಲಸ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. "ನಂದಿ ಬೆಟ್ಟಕ್ಕೆ ಹೋಗಿ ಸಾರ್, ಇಲ್ಲಾಂದ್ರೆ ಬಿಟ್ಟುಬಿಡಿ" ಎಂದರು ನಮ್ಮ ಹಿರಿಯ ಹ್ಯಾಮ್ (ಹವ್ಯಾಸಿ ರೇಡಿಯೊದವರು) ಒಬ್ಬರು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಹವಾಮಾನ ಉಪಗ್ರಹ ನೋವಾ-19, ಒಂದು ವಾರದೊಳಗೆ ನೋವಾ-15 ಎರಡೂ ನಿಂತವು. ಆಗಂತೂ "137 ಮೆಗಾಹರ್ಟ್ಸ್ ಕಥೆ ಮುಗೀತು" ಅಂತ ಎಲ್ಲರೂ ಆಂಟೆನಾ ಇಳಿಸಿದರು. ನಾನು ಇಳಿಸಲಿಲ್ಲ. ಅದೇ ಬ್ಯಾಂಡ್‌ನಲ್ಲಿ ಕಳಿಸುವ ರಷ್ಯಾದ ಉಪಗ್ರಹ ಮೀಟಿಯರ್-ಎಂ ಎನ್2-4 ಈಗ ನಮ್ಮ ತಲೆ ಮೇಲೆ ಬಂದಾಗಲೆಲ್ಲ ಚಿತ್ರ ಬರುತ್ತಿದೆ. ಕೇಳಿದವರಿಗೆಲ್ಲ ಒಂದೊಂದಾಗಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನೋವಾ ಕಾಲದಲ್ಲಿ ವಿ-ಡೈಪೋಲ್ ಆಂಟೆನಾ ಸಾಕಿತ್ತು. 53 ಸೆಂಟಿಮೀಟರ್‌ನ ಎರಡು ಕಡ್ಡಿ, 120 ಡಿಗ್ರಿ, ಅಷ್ಟೇ. ಅದು ಚಿತ್ರ ಕಳಿಸುತ್ತಿದ್ದ ಎಪಿಟಿ ವಿಧಾನ ಅನಲಾಗ್ ಅಲ್ವಾ, ಸಿಗ್ನಲ್ ಕೆಟ್ಟರೂ ಗೆರೆಗಳ ನಡುವೆ ಶ್ರೀಲಂಕಾ ಕಾಣುತ್ತಿತ್ತು. (ನೋವಾ-19 ಬಗ್ಗೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. 2003ರಲ್ಲಿ ಕಾರ್ಖಾನೆಯಲ್ಲಿ ಬೋಲ್ಟ್ ಹಾಕದೆ ಕೆಳಗೆ ಬೀಳಿಸಿದ್ದ ಉಪಗ್ರಹ ಅದು. ರಿಪೇರಿಯಾಗಿ 2009ರಲ್ಲಿ ಮೇಲೆ ಹೋಗಿ 16 ವರ್ಷ ದುಡಿಯಿತು.) ಮೀಟಿಯರ್‌ನದು ಡಿಜಿಟಲ್. ಬಂದರೆ ಪೂರ್ತಿ ಬರುತ್ತದೆ, ಇಲ್ಲದಿದ್ದರೆ ಕಪ್ಪು ಪಟ್ಟಿ. ಅದೇ ಡೈಪೋಲ್‌ನಲ್ಲಿ ವಾಟರ್‌ಫಾಲ್ (ಪರದೆಯಲ್ಲಿ ಸಿಗ್ನಲ್ ತೋರಿಸುವ ಪಟ್ಟಿ) ಮೇಲೆ ಸಿಗ್ನಲ್ ಕಣ್ಣಿಗೆ ಕಾಣುತ್ತಿತ್ತು, ಚಿತ್ರ ಬಿಡಿಸುವ ಸಾಫ್ಟ್‌ವೇರ್ ಸ್ಯಾಟ್‌ಡಂಪ್ ಮಾತ್ರ ಲಾಕ್ ಆಗುತ್ತಿರಲಿಲ್ಲ.

ಆಗ ಶುರುವಾಯಿತು ದುಡ್ಡು ಸುರಿಯುವುದು. ಮೊದಲು ಆರುನೂರು ರೂಪಾಯಿಯ ವೈಡ್‌ಬ್ಯಾಂಡ್ ಎಲ್‌ಎನ್‌ಎ (ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಆಂಪ್ಲಿಫೈಯರ್) ತಂದೆ. ಹಾಕಿದ ಕೂಡಲೇ ಬ್ಯಾಂಡ್ ತುಂಬ ಎಫ್‌ಎಂ ಸ್ಟೇಷನ್‌ಗಳ ನೆರಳು. 137.9ರ ಪಕ್ಕದಲ್ಲೇ ಸಿನಿಮಾ ಹಾಡು! ಕಡಿಮೆ ಬೆಲೆಯದ್ದಕ್ಕೆ ಹೀಗೆ ಅಂದುಕೊಂಡು ಮೂರು ಸಾವಿರದ ಇನ್ನೊಂದನ್ನು ತರಿಸಿದೆ. ಹಾಡು ಇನ್ನೂ ಸ್ಪಷ್ಟವಾಯಿತು. ಡಾಂಗಲ್ (ಲ್ಯಾಪ್‌ಟಾಪ್‌ಗೆ ಹಾಕುವ ರೇಡಿಯೊ ರಿಸೀವರ್), ದುಬಾರಿ ಕೇಬಲ್, ಎಸ್.ಪಿ. ರಸ್ತೆಯ ಕನೆಕ್ಟರ್‌ಗಳು ಎಲ್ಲ ಸೇರಿ ಹತ್ತು ಸಾವಿರದ ಹತ್ತಿರ ಹೋಯಿತು. ಚಿತ್ರ ಸೊನ್ನೆ. ಮನೆಯವರು ಏನೂ ಹೇಳಲಿಲ್ಲ, ಅದೇ ಜಾಸ್ತಿ ಕಷ್ಟ.

ಕ್ಯೂಎಫ್‌ಎಚ್ ಅನ್ನುವ ತಿರುಚಿದ ಆಂಟೆನಾ ಕಟ್ಟಿದ್ದು ಅದಾದ ಮೇಲೆ. ಪಿವಿಸಿ ಪೈಪ್ ಮನೆಯಲ್ಲೇ ಇತ್ತು. ತಾಮ್ರದ ಪೈಪ್ ಏಸಿ ರಿಪೇರಿ ಅಂಗಡಿಯಿಂದ, ಕಾಲಿಂಚಿನದು, ಸಾವಿರದ ಇನ್ನೂರೋ ಏನೋ ಕೊಟ್ಟೆ. ಬಗ್ಗಿಸಲು ಅಂಗಡಿಯವರಿಗೇ ಒಪ್ಪಿಸಿದ್ದೆ. ಬಲು ನೀಟಾಗಿ ಬಗ್ಗಿಸಿ ಕೊಟ್ಟರು, ತಿರುಚಿದ್ದು ಮಾತ್ರ ಉಲ್ಟಾ. ಉಪಗ್ರಹ ಬಲಗೈ ಸುತ್ತಿನಲ್ಲಿ ಕಳಿಸಿದರೆ ನಮ್ಮ ಆಂಟೆನಾ ಎಡಗೈ ಸುತ್ತಿಗೆ ಕಾದು ಕೂತಿತ್ತು. ಡೈಪೋಲ್‌ಗಿಂತ ಕಡೆ. ಎರಡನೆಯದನ್ನು ನಾನೇ ಬಗ್ಗಿಸಿದೆ. ಪೈಪ್ ಮಡಚಿಕೊಳ್ಳದ ಹಾಗೆ ಬಗ್ಗಿಸಲು ಒಂದು ಉಪಾಯ ಇದೆ. ಅದು ನನಗೇ ಇರಲಿ.

ಈಗ ಮುಖ್ಯ ವಿಷಯ. ಎಲ್‌ಎನ್‌ಎ ಆಂಟೆನಾದ ಬುಡದಲ್ಲಿ ಮೊದಲು ಇರಬೇಕು, ಬೇಡದ ಫ್ರೀಕ್ವೆನ್ಸಿ ತಡೆಯುವ ಫಿಲ್ಟರ್ ಆಮೇಲೆ ಅಂತ ಎಲ್ಲರೂ ಹೇಳುತ್ತಾರೆ. ಫಿಲ್ಟರ್ ಮೊದಲು ಬಂದರೆ ಅದರ ಲಾಸ್ ಪೂರ್ತಿ ನಾಯ್ಸ್ ಫಿಗರ್‌ಗೆ (ರಿಸೀವರ್ ತಾನೇ ಸೇರಿಸುವ ಗದ್ದಲದ ಅಳತೆ) ಸೇರುತ್ತದೆ ಅನ್ನುವುದು ಲೆಕ್ಕ. ಲೆಕ್ಕ ಸರಿ, ಆದರೆ ಅದು 1.7 ಗಿಗಾಹರ್ಟ್ಸ್‌ಗೆ. 137ರಲ್ಲಿ, ಅದೂ ಊರೊಳಗೆ, ಆಂಟೆನಾಗೆ ಹೊರಗಿನಿಂದ ಬರುವ ಗದ್ದಲವೇ ಎಲ್‌ಎನ್‌ಎಯ ಸ್ವಂತ ಗದ್ದಲಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಫಿಲ್ಟರ್‌ನಲ್ಲಿ ಒಂದು ಡಿಬಿ ಹೋದರೆ ಸಿಗ್ನಲ್ ಜೊತೆ ಗದ್ದಲವೂ ಅಷ್ಟೇ ಇಳಿಯುತ್ತದೆ. ಎಲ್‌ಎನ್‌ಎ ಮಾತ್ರ ಎಫ್‌ಎಂ ಹೊಡೆತದಿಂದ ಉಳಿಯುತ್ತದೆ. ಇದನ್ನು ಹೇಳಿದಾಗ ನಕ್ಕರು.

ಫಿಲ್ಟರ್ ಕೊಂಡುಕೊಳ್ಳಲು ಕೈಯಲ್ಲಿ ದುಡ್ಡಿರಲಿಲ್ಲ. ಟಿವಿ ಕೇಬಲ್ ತುಂಡಿನಿಂದ ಸ್ಟಬ್, ಅಂದರೆ ಒಂದು ಫ್ರೀಕ್ವೆನ್ಸಿಯನ್ನು ತಡೆಯುವ ಕವಲು, ಮಾಡಿದೆ. ನಮ್ಮ ಟೆರೇಸ್‌ನಲ್ಲಿ ಎಲ್ಲಕ್ಕಿಂತ ಜೋರಾಗಿ ಬರುವುದು 101.3ರ ಎಫ್‌ಎಂ. ಅದರ ಕಾಲು ಅಲೆಯುದ್ದ 74 ಸೆಂಟಿಮೀಟರ್. ಆರ್‌ಜಿ-6 ಟಿವಿ ಕೇಬಲ್‌ನ ವೆಲಾಸಿಟಿ ಫ್ಯಾಕ್ಟರ್ (ಕೇಬಲ್‌ನಲ್ಲಿ ಅಲೆಯ ವೇಗದ ಅನುಪಾತ) 0.83 ಹಿಡಿದರೆ 61-62 ಬರುತ್ತದೆ. ಟಿ ಕನೆಕ್ಟರ್‌ಗೆ ಹಾಕಿ, ಇನ್ನೊಂದು ತುದಿ ಓಪನ್ ಬಿಡಿ. ಉದ್ದವಾಗಿ ಕತ್ತರಿಸಿ, ವಾಟರ್‌ಫಾಲ್ ನೋಡುತ್ತಾ ಚೂರು ಚೂರೇ ಕಡಿಮೆ ಮಾಡಿ. ಇದೊಂದರಿಂದಲೇ ಅರ್ಧ ಗದ್ದಲ ಹೋಯಿತು. ಆದರೆ ಈ ಸ್ಟಬ್ 137ರಲ್ಲಿ ಇಂಡಕ್ಟರ್ ಹಾಗೆ ವರ್ತಿಸಿ ಸ್ವಲ್ಪ ಸಿಗ್ನಲ್ ತಿನ್ನುತ್ತದೆ. ಅದನ್ನು ಸರಿದೂಗಿಸಲು ಎರಡನೆಯ ಸ್ಟಬ್ ಬೇಕು. ಅದರ ಉದ್ದ ಎಷ್ಟು, ಎಲ್ಲಿ ಹಾಕಬೇಕು ಅನ್ನುವುದು ಸದ್ಯಕ್ಕೆ ಗುಟ್ಟು. ಖರ್ಚು ಐವತ್ತು ರೂಪಾಯಿ ದಾಟಲಿಲ್ಲ.

75 ಓಮ್ ಟಿವಿ ಕೇಬಲ್ ಹಾಕಿದ್ದಕ್ಕೂ ಮಾತು ಕೇಳಿದ್ದೇನೆ. 50 ಓಮ್ ಜೊತೆ ಮಿಸ್‌ಮ್ಯಾಚ್‌ನಿಂದ ಹೋಗುವುದು 0.2 ಡಿಬಿಗಿಂತ ಕಡಿಮೆ. ಆ ದುಬಾರಿ ಕೇಬಲ್ ಈಗ ಬಟ್ಟೆ ಒಣಗಿಸಲು ಬಳಕೆಯಲ್ಲಿದೆ.

ಇನ್ನೊಂದು ಕಾಟ ಪಕ್ಕದಿಂದಲೇ. ಒಂದು ಸಂಜೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು. ನಾಯ್ಸ್ ಫ್ಲೋರ್ (ಹಿನ್ನೆಲೆ ಗದ್ದಲ) ಆರೇಳು ಡಿಬಿ ದಬಕ್ಕನೆ ಇಳಿಯಿತು. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಒಂದೊಂದೇ ಎಂಸಿಬಿ ಹಾಕಿ ಹುಡುಕಿದೆ. ಮೆಟ್ಟಿಲಿನ ಎಲ್‌ಇಡಿ ಬಲ್ಬ್ ಮತ್ತು ವೈಫೈ ರೌಟರ್‌ನ ಅಡಾಪ್ಟರ್ ಸಿಕ್ಕಿಬಿದ್ದವು. ಎದುರುಮನೆಯ ಫ್ಲಡ್‌ಲೈಟ್ ಉಳಿದಿತ್ತು. ಆ ಮನೆಯ ಅಂಕಲ್ ಮೊದಲೇ "ಟವರ್ ಹಾಕ್ತಿದೀರಾ? ರೇಡಿಯೇಷನ್ ಬರಲ್ವಾ?" ಅಂತ ವಿಚಾರಿಸಿದ್ದರು. ಅವರ ಫೋನಿನಲ್ಲಿ ಮೋಡದ ಚಿತ್ರ ತೋರಿಸಿದೆ, ಹೊಸ ಬಲ್ಬನ್ನೂ ನಾನೇ ಕೊಟ್ಟೆ. ಈಗ ಬಟ್ಟೆ ಒಣಹಾಕುವ ಮೊದಲು ಮಳೆ ಬರುತ್ತಾ ಅಂತ ನನ್ನನ್ನೇ ಕೇಳುತ್ತಾರೆ.

ಎನ್2-4 ತಲೆ ಮೇಲೆ ಚೆನ್ನಾಗಿ ಹಾದುಹೋದರೆ ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜೋರು ಅನ್ನುವುದು) ಎಂಟು-ಒಂಬತ್ತು ಡಿಬಿ ಬರುತ್ತದೆ. ಆಟೋ ಗೇನ್ ಆಫ್, ಕೈಯಾರೆ 28-30. ಲಕ್ಷದ್ವೀಪದಿಂದ ಬಂಗಾಳ ಕೊಲ್ಲಿಯವರೆಗೆ ಒಂದೇ ಚಿತ್ರದಲ್ಲಿ. ಜನವರಿಯಲ್ಲಿ ಕರಾವಳಿ ಗೆರೆ ಎಳೆದ ಹಾಗೆ ಕಾಣುತ್ತದೆ. ಜುಲೈನಲ್ಲಿ ಬರೀ ಬಿಳಿ, ಮಂಗಳೂರು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಅದೇ ಸಾಲಿನ ಉಪಗ್ರಹ ಎನ್2-3 ಮಾತ್ರ ಇನ್ನೂ ತಕರಾರು. 2023ರಲ್ಲಿ ಮೇಲೆ ಹೋದಾಗ ಅದರ ಆಂಟೆನಾ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಅರ್ಧ ಚಿತ್ರ ಬಂದರೆ ಹಬ್ಬ.

ಇದೇ ಆಂಟೆನಾದಲ್ಲಿ ಬಾಹ್ಯಾಕಾಶ ನಿಲ್ದಾಣದ 145.8 ಕೂಡ ಕೇಳುತ್ತದೆ. 2025ರ ಜುಲೈ 4ರ ಮಧ್ಯಾಹ್ನ ಶುಭಾಂಶು ಶುಕ್ಲಾ ಹ್ಯಾಮ್ ರೇಡಿಯೊದಲ್ಲಿ ಇಲ್ಲಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ಮಕ್ಕಳ ಜೊತೆ ಮಾತಾಡಿದರಲ್ಲ, ಅದನ್ನು ಟೆರೇಸ್‌ನಲ್ಲೇ ರೆಕಾರ್ಡ್ ಮಾಡಿದೆ. ಎಫ್‌ಎಂ ಆದ್ದರಿಂದ ಅದೇನು ದೊಡ್ಡ ಸಾಹಸವಲ್ಲ. ಆದರೂ ಮನೆಯವರು ಮೊದಲ ಸಲ ಮೇಲೆ ಹತ್ತಿ ಬಂದರು.

ಕೊರಿಯಾದ ಹವಾಮಾನ ಉಪಗ್ರಹ ಜಿಕೆ-2ಎ ಕೂಡ ಪ್ರಯತ್ನಿಸುತ್ತಿದ್ದೇನೆ. 1692 ಮೆಗಾಹರ್ಟ್ಸ್, ಪೂರ್ವ ದಿಕ್ಕಿಗೆ ಸ್ವಲ್ಪ ದಕ್ಷಿಣ, ಎತ್ತರ ಸುಮಾರು 30 ಡಿಗ್ರಿ. ಅಲ್ಲೇ ಸರಿಯಾಗಿ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕ್ ನಿಂತಿದೆ. ಡಿಶ್ ಇನ್ನೊಂದು ಮೂಲೆಗೆ ಸರಿಸಬೇಕು, ಅದಕ್ಕೆ ಆ ಮೂಲೆಯ ತುಳಸಿ ಕಟ್ಟೆಯ ಪಕ್ಕ ಜಾಗ ಕೇಳಿದ್ದೇನೆ. ಅನುಮತಿ ಇನ್ನೂ ಸಿಕ್ಕಿಲ್ಲ. ಅಷ್ಟರಲ್ಲಿ ಎರಡನೆಯ ಸ್ಟಬ್‌ನ ಉದ್ದ ಯಾರಾದರೂ ಲೆಕ್ಕ ಹಾಕಿ ಕಳಿಸಿದರೆ, ಸರಿಯೋ ತಪ್ಪೋ ಅಂತ ಮಾತ್ರ ಹೇಳುತ್ತೇನೆ.