ಬ್ಯಾಟರಿ ಬದಲಿಸಲು ಯಾವ ಟೂಲ್ ಬೇಕಾಯಿತು: ನನ್ನ ಅನುಭವ

ಕಾರಿನ ಬ್ಯಾಟರಿ ಬದಲಿಸಲು ದೊಡ್ಡ ಟೂಲ್ ಕಿಟ್ ಏನೂ ಬೇಕಾಗಲಿಲ್ಲ. ಟರ್ಮಿನಲ್ (ಕೇಬಲ್ ಸೇರುವ ಪ್ಲಸ್, ಮೈನಸ್ ತುದಿ) ನಟ್‌ಗಳಿಗೆ 10 ಎಂಎಂ ಸ್ಪ್ಯಾನರ್ ಸಾಕಾಯಿತು. ತುಂಬಾ ಕಾರುಗಳಲ್ಲಿ ಇದೇ ಅಳತೆ. ಅಡ್ಜಸ್ಟಬಲ್ ಸ್ಪ್ಯಾನರ್ ಇತ್ತು, ಆದರೆ ಮುಟ್ಟಲಿಲ್ಲ. ಅದು ಜಾರಿದರೆ ನಟ್‌ನ ಮೂಲೆ ಸವೆಯುತ್ತದೆ, ಆಮೇಲೆ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲ.

ಜಾಸ್ತಿ ಸತಾಯಿಸಿದ್ದು ಬ್ಯಾಟರಿಯನ್ನು ಬುಡದಲ್ಲಿ ಹಿಡಿದಿದ್ದ ಕ್ಲ್ಯಾಂಪ್. ಅದರ ಬೋಲ್ಟ್ ಕೆಳಗಿನ ಸಂದಿಯಲ್ಲಿತ್ತು. ಸ್ಪ್ಯಾನರ್ ಅಲ್ಲಿಗೆ ಇಳಿದರೂ ತಿರುಗಿಸಲು ಜಾಗವೇ ಇಲ್ಲ. ರ‍್ಯಾಚೆಟ್‌ಗೆ (ಹಿಂದೆ ಮುಂದೆ ಆಡಿಸಿ ಬೋಲ್ಟ್ ತಿರುಗಿಸುವ ಹಿಡಿ) ಉದ್ದನೆಯ ಎಕ್ಸ್‌ಟೆನ್ಶನ್ ಸರಳು, ಅದರ ತುದಿಗೆ ಬೋಲ್ಟ್ ತಲೆಗೆ ಕೂರುವ 13 ಎಂಎಂ ಸಾಕೆಟ್ ಹಾಕಿದ ಮೇಲೆ ಟಕ್ ಅಂತ ಸಡಿಲವಾಯಿತು. ಒಂದೇ ಟೂಲ್‌ಗೆ ದುಡ್ಡು ಹಾಕುವುದಾದರೆ ಈ ಎಕ್ಸ್‌ಟೆನ್ಶನ್‌ಗೇ ಹಾಕಿ ಅಂತೀನಿ. ಬೋಲ್ಟ್ ಅಳತೆ ಮಾತ್ರ ನಿಮ್ಮ ಕಾರಿನಲ್ಲಿ ಬೇರೆ ಇರಬಹುದು, ಮೊದಲು ನೋಡಿಕೊಳ್ಳಿ.

ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಮೈನಸ್ ಕೇಬಲ್ ಕಾರಿನ ಬಾಡಿಗೆ ಸೇರಿರುತ್ತದೆ ಅಲ್ವಾ? ಅದನ್ನು ಬಿಚ್ಚದೆ ಪ್ಲಸ್‌ಗೆ ಕೈ ಹಾಕಿ, ಸ್ಪ್ಯಾನರ್‌ನ ಇನ್ನೊಂದು ತುದಿ ಬಾಡಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಅದಕ್ಕೇ ಸ್ಪ್ಯಾನರ್ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿದ್ದೆ.

ಪ್ಲಸ್ ಕೇಬಲ್ ತುದಿಯ ಕ್ಲ್ಯಾಂಪ್ ಮೇಲೆ ಹಸಿರು ಬಿಳಿ ಪುಡಿ ಕಟ್ಟಿತ್ತು. ಕೈಗವಸು, ಕನ್ನಡಕ ಹಾಕಿಕೊಂಡು ಅಡುಗೆ ಸೋಡಾ ಕಲಸಿದ ನೀರು ಹಚ್ಚಿದೆ. ಬುಸುಬುಸು ನೊರೆ ಬಂತು. ವೈರ್ ಬ್ರಷ್‌ನಲ್ಲಿ ಉಜ್ಜಿದ ಮೇಲೆ ಲೋಹ ಹೊಳೆಯಿತು.

ಹೊಸದನ್ನು ಕೂರಿಸಿ, ಟರ್ಮಿನಲ್‌ಗೆ ತೆಳುವಾಗಿ ವ್ಯಾಸಲೀನ್ ಸವರಿದೆ. ಮಲ್ಟಿಮೀಟರ್‌ನಲ್ಲಿ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಸ್ಟಾರ್ಟ್ ಆದ ಮೇಲೆ 14.2. ಅಂದರೆ ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟ್ ಕೊಡುವ ಆಲ್ಟರ್ನೇಟರ್ ಸರಿಯಾಗಿಯೇ ಚಾರ್ಜ್ ಮಾಡುತ್ತಿದೆ, ಕೆಟ್ಟಿದ್ದು ಹಳೇ ಬ್ಯಾಟರಿ ಮಾತ್ರ.